ಅದೇ ಪುಸ್ತಕ, ಮತ್ತೊಮ್ಮೆ

ಚಿಕ್ಕ ಮಕ್ಕಳು ಗ್ರಂಥಾಲಯಕ್ಕೆ ಬಂದು ಹೊಸ ಪುಸ್ತಕ ಕೇಳುವುದು ಕಡಿಮೆ. ಹೋದ ವಾರ ಓದಿದ್ದನ್ನೇ ಕೇಳುತ್ತಾರೆ. ಹೆಸರು ಗೊತ್ತಿರುವುದಿಲ್ಲ. ‘ಅಕ್ಕಾ, ಆ ನೀಲಿ ಬಣ್ಣದ್ದು’, ‘ಅಜ್ಜಿ ಸಂತೆಗೆ ಹೋಗ್ತಾಳಲ್ಲ, ಅದು’, ‘ಮೂಲೇಲಿ ಹರಿದೈತಲ್ಲ, ಅದು’ ಎನ್ನುತ್ತಾರೆ. ಹುಡುಕಿ ಕೊಟ್ಟರೆ ನಿಂತಲ್ಲೇ ತೆರೆದು, ತಮಗೆ ಬೇಕಾದ ಪುಟಕ್ಕೇ ನೇರವಾಗಿ ಹೋಗುತ್ತಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿಯಾಗಿ ಮಕ್ಕಳ ಓದಿನ ಬಗ್ಗೆ ನಾನು ತಿಳಿದುಕೊಂಡದ್ದರಲ್ಲಿ ಮುಖ್ಯವಾದದ್ದು ಇದೇ. ಪುಸ್ತಕವನ್ನು ಮುಗಿಸುವ ಅವಸರ ಅವರಿಗಿಲ್ಲ. ಇಷ್ಟವಾದ ಕಥೆಯೊಳಗೆ ಮತ್ತೆ ಮತ್ತೆ ಹೋಗಿ ಕೂರಬೇಕು, ಅಷ್ಟೆ.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಈಚೆಗೆ ನಮ್ಮಂಥ ಸಣ್ಣ ಗ್ರಂಥಾಲಯಗಳಿಗೂ ಕಂಪ್ಯೂಟರ್ ಬಂದಿದೆ, ಟ್ಯಾಬ್ ಬಂದಿದೆ, ಇಂಟರ್ನೆಟ್ ಬಂದಿದೆ. ‘ಇನ್ನು ಪುಸ್ತಕ ಯಾರು ಓದ್ತಾರೆ’ ಎನ್ನುವವರು ಒಂದು ಕಡೆ. ‘ಮಕ್ಕಳ ಕೈಗೆ ಮೊಬೈಲು ಕೊಟ್ಟು ಹಾಳು ಮಾಡ್ತಿದೀರಿ’ ಎನ್ನುವವರು ಇನ್ನೊಂದು ಕಡೆ. ದಿನವೂ ಎರಡನ್ನೂ ಮಕ್ಕಳ ಕೈಗೆ ಕೊಡುವ ನನಗೆ ಈ ಎರಡು ಮಾತೂ ಒಪ್ಪಿಗೆಯಾಗುವುದಿಲ್ಲ. ಕಾಗದವೋ ಪರದೆಯೋ ಎಂದು ಜಗಳವಾಡುತ್ತಾ, ಅದನ್ನು ಹಿಡಿದು ಕೂತ ಮಗು ಏನು ಮಾಡುತ್ತಿದೆ ಎಂದು ನೋಡುವುದನ್ನೇ ಬಿಟ್ಟಿದ್ದೇವೆ.

ನಮ್ಮದು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ಪಂಚಾಯಿತಿ ಕಟ್ಟಡದ ಪಕ್ಕದ ಒಂದು ಕೋಣೆ ನಮ್ಮ ಗ್ರಂಥಾಲಯ. ಈಗ ಹೊರಗಿನ ಬೋರ್ಡಿನಲ್ಲಿ ‘ಅರಿವು ಕೇಂದ್ರ’ ಎಂದಿದೆ. ಮೊದಲೆಲ್ಲ ಬರುತ್ತಿದ್ದವರು ಇಬ್ಬಗೆ: ಬೆಳಿಗ್ಗೆ ಪೇಪರ್ ಓದುವ ಹಿರಿಯರು, ಆಮೇಲೆ ಪೊಲೀಸ್ ಕೆಲಸಕ್ಕೋ ಎಫ್‌ಡಿಎ ಪರೀಕ್ಷೆಗೋ ತಯಾರಿ ನಡೆಸುವ ಹುಡುಗರು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳೆಲ್ಲ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ ಕಾಲ. 6ರಿಂದ 18 ವರ್ಷದವರೆಗಿನ ಮಕ್ಕಳಿಗೆ ಸದಸ್ಯತ್ವ ಉಚಿತ ಎಂದಾಯಿತು. ಮಕ್ಕಳು ಬಂದರು. ಚಪ್ಪಲಿ ಬಿಡಲು ಮೆಟ್ಟಿಲಿನ ಮೇಲೆ ಜಾಗ ಸಾಲದಷ್ಟು ಬಂದರು.

ಅವರಿಗೆ ಕೊಡಲು ನಮ್ಮ ಬೀರುವಿನಲ್ಲಿ ಏನಿತ್ತು? ನೀತಿಕಥೆಗಳ ದಪ್ಪ ದಪ್ಪ ಪುಸ್ತಕಗಳಿದ್ದವು. ಸಣ್ಣ ಅಕ್ಷರ, ಕಥೆಗೊಂದು ಕಪ್ಪು ಗೆರೆಯ ಚಿತ್ರ. ‘ಭಾರತ ಭಾರತಿ’ಯ ಪುಟ್ಟ ಪುಸ್ತಕಗಳು, ‘ಬಾಲವಿಜ್ಞಾನ’ದ ಹಳೆಯ ಸಂಚಿಕೆಗಳು, ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳಲ್ಲಿ ಎರಡು. ಇವೆಲ್ಲ ಓದಲು ಬಂದ ಮೇಲೆ ಓದುವಂಥವು. ಕನ್ನಡದಲ್ಲಿ ಮಕ್ಕಳಿಗಾಗಿ ಬರೆದವರಿಗೆ ಬರವಿಲ್ಲ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, ‘ಕಿಂದರಿಜೋಗಿ’ಯನ್ನು ಕೊಟ್ಟ ಕುವೆಂಪು ಎಲ್ಲರೂ ಬರೆದಿದ್ದಾರೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರ ಆರಂಭಿಸಿದಾಗ ಕನ್ನಡದ ಮೊದಲ ಪುರಸ್ಕಾರ ಬೊಳುವಾರು ಮಹಮದ್ ಕುಂಞಿಯವರಿಗೆ ಬಂತು. ಆದರೆ ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತ ಮಗುವಿಗೆ ಬೇಕಾದ ಪುಸ್ತಕವೇ ಬೇರೆ. ಪುಟದ ತುಂಬ ಚಿತ್ರ, ಕೆಳಗೆ ಒಂದೋ ಎರಡೋ ಸಾಲು, ಹದಿನಾರು ಪುಟದಲ್ಲಿ ಕಥೆ ಪೂರ್ತಿ. ಬಣ್ಣದ ಮುದ್ರಣ ದುಬಾರಿ. ಕನ್ನಡವೊಂದರಲ್ಲೇ ಸಾವಿರ ಪ್ರತಿ ಹಾಕಿದರೆ ಪ್ರಕಾಶಕರಿಗೆ ಗಿಟ್ಟುವುದಿಲ್ಲ. ಹಾಗಾಗಿ ಇಂಥ ಪುಸ್ತಕಗಳು ಹಳ್ಳಿಯ ಗ್ರಂಥಾಲಯದವರೆಗೆ ಬರುವುದೇ ಅಪರೂಪವಾಗಿತ್ತು.

ಆ ಕೊರತೆಯನ್ನು ತುಂಬಿದ್ದು ಆನ್‌ಲೈನ್ ಸಾಧನವೇ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ‘ಸ್ಟೋರಿವೀವರ್’ ಎಂಬ ತಾಣ ತೆರೆಯಿತು. ಅಲ್ಲಿ ಕನ್ನಡದ ಚಿತ್ರಕಥೆಗಳು ನೂರಾರಿವೆ, ಎಲ್ಲವೂ ಉಚಿತ. ಅದಕ್ಕಿಂತ ದೊಡ್ಡ ಸಂಗತಿ ಅವುಗಳಿಗೆ ಕೊಟ್ಟಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ. ಆ ಕಥೆಗಳನ್ನು ಡೌನ್‌ಲೋಡ್ ಮಾಡಬಹುದು, ಮುದ್ರಿಸಬಹುದು, ಬೇರೆ ಭಾಷೆಗೆ ತರಬಹುದು, ಬದಲಿಸಲೂಬಹುದು. ಬರೆದವರ, ಚಿತ್ರ ಬಿಡಿಸಿದವರ, ಅನುವಾದಿಸಿದವರ ಹೆಸರು ಹಾಕಬೇಕು, ಬದಲಿಸಿದ್ದರೆ ಬದಲಿಸಿದ್ದೇವೆ ಎಂದು ಹೇಳಬೇಕು. ಮುಖ್ಯ ಕರಾರು ಇಷ್ಟೇ.

ಟ್ಯಾಬ್ ಬಂದ ಹೊಸದರಲ್ಲಿ ಮಕ್ಕಳು ಅದರ ಸುತ್ತ ಮುತ್ತಿಕೊಂಡರು. ಹಿಡಿದವನೇ ಯಜಮಾನ. ಪಕ್ಕದವಳು ಇನ್ನೂ ಸಾಲಿನ ನಡುವೆ ಇರುವಾಗಲೇ ಅವನ ಬೆರಳು ಮುಂದಿನ ಪುಟಕ್ಕೆ ಹೋಗಿರುತ್ತದೆ. ಕಥೆ ಮುಗಿದ ಕೂಡಲೇ ಇನ್ನೂ ನಾಲ್ಕು ಕಥೆಗಳ ಮುಖಪುಟ ಪರದೆಗೆ ಬರುತ್ತದೆ. ಒಂದನ್ನು ಒತ್ತುತ್ತಾರೆ, ಎರಡು ಪುಟ ನೋಡಿ ಇನ್ನೊಂದಕ್ಕೆ ಹಾರುತ್ತಾರೆ. ಕಾಗದದ ಪುಸ್ತಕವನ್ನು ಹಾಗೆ ಬಿಡದ ಮಕ್ಕಳೇ ಇಲ್ಲಿ ಬಿಡುತ್ತಾರೆ. ಅದು ಅವರ ತಪ್ಪಲ್ಲ. ಪರದೆಯ ಬಹುಪಾಲು ಸಾಧನಗಳನ್ನು ಕಟ್ಟಿರುವುದೇ ‘ಮುಂದಿನದು ಯಾವುದು’ ಎಂಬ ಪ್ರಶ್ನೆಯ ಮೇಲೆ. ಮಗು ಕೇಳುವುದು ‘ಅದೇ ಮತ್ತೊಮ್ಮೆ’. ಎರಡಕ್ಕೂ ತಾಳೆಯಾಗುವುದಿಲ್ಲ.

ಆದರೂ ಟ್ಯಾಬನ್ನು ಬೀಗ ಹಾಕಿ ಇಡಲು ನನಗೆ ಮನಸ್ಸಾಗಲಿಲ್ಲ. ಅದಕ್ಕೆ ಒಬ್ಬ ಹುಡುಗ ಕಾರಣ. ಐದನೇ ತರಗತಿ, ಓದಿನಲ್ಲಿ ತುಂಬ ಹಿಂದೆ. ಕೊರೊನಾ ಕಾಲದಲ್ಲಿ ಒಂದು, ಎರಡನೇ ತರಗತಿ ಕಳೆದವನು ಅವನು. ಕಾಗುಣಿತ ಕಲಿಯಬೇಕಾದ ದಿನಗಳು ಹಾಗೇ ಜಾರಿಹೋಗಿದ್ದವು. ರ‍್ಯಾಕಿನ ಮುಂದೆ ನಿಂತು ಯಾವಾಗಲೂ ದಪ್ಪ ಪುಸ್ತಕವನ್ನೇ ಎತ್ತಿಕೊಳ್ಳುತ್ತಿದ್ದ, ಪುಟ ತಿರುವಿ ಇಟ್ಟುಬಿಡುತ್ತಿದ್ದ. ಅವನಿಗೆ ಬೇಕಿದ್ದದ್ದು ಪುಟಕ್ಕೊಂದು ಸಾಲಿನ ತೆಳ್ಳನೆಯ ಪುಸ್ತಕ. ಅದನ್ನು ಹಿಡಿದು ಕೂತರೆ ತಂಗಿಯ ಓರಗೆಯವರು ನೋಡುತ್ತಾರಲ್ಲ. ಟ್ಯಾಬಿನಲ್ಲಿ ಆ ಭಯವಿರಲಿಲ್ಲ. ದೊಡ್ಡವರ ಪುಸ್ತಕಕ್ಕೂ ಚಿಕ್ಕವರ ಪುಸ್ತಕಕ್ಕೂ ಅಲ್ಲಿ ಒಂದೇ ಗಾತ್ರ, ಒಂದೇ ಹೊರಮೈ. ಗೋಡೆಗೆ ಬೆನ್ನು ಕೊಟ್ಟು ಕೂತು, ಓದಿ ಹೇಳುವ ಕಥೆಗಳನ್ನು ಹಾಕಿಕೊಂಡ. ಧ್ವನಿ ಹೇಳಿದ ಪದಕ್ಕೆ ಬಣ್ಣ ಬರುತ್ತಿತ್ತು. ಅವನ ತುಟಿಯೂ ಜೊತೆಗೆ ಅಲುಗುತ್ತಿತ್ತು. ಅದೇ ಕಥೆಯನ್ನು ಎಷ್ಟು ಸಲ ಕೇಳಿದನೋ. ಮಳೆಗಾಲ ಮುಗಿಯುವ ಹೊತ್ತಿಗೆ ಧ್ವನಿಯನ್ನು ನಿಲ್ಲಿಸಿ ತಾನೇ ಓದತೊಡಗಿದ.

ಇಲ್ಲಿ ನಾನು ತಡೆದು ಯೋಚಿಸಿದೆ. ಅವನಿಗೆ ನೆರವಾಗಿದ್ದು ಪರದೆಯ ಬಣ್ಣವಲ್ಲ, ಹಾರಿಕೊಂಡು ಹೋಗುವ ಅನುಕೂಲವೂ ಅಲ್ಲ. ಯಾರ ಕಣ್ಣಿಗೂ ಬೀಳದೆ ಒಂದೇ ಕಥೆಯನ್ನು ಬೇಕಾದಷ್ಟು ಸಲ ಓದುವ ಏಕಾಂತ ಅವನಿಗೆ ಸಿಕ್ಕಿತು. ಕಾಗದದ ಪುಸ್ತಕ ಉಳಿದ ಮಕ್ಕಳಿಗೆ ಕೊಡುತ್ತಿದ್ದುದೂ ಇದನ್ನೇ. ಅಂದ ಮೇಲೆ ಪುಸ್ತಕವೋ ಟ್ಯಾಬೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಈ ಮಗುವಿಗೆ ತಿರುಗಿ ಬರಲು ಯಾವುದು ಬಿಡುತ್ತದೆ ಎಂದು ಕೇಳಬೇಕು.

ಇನ್ನು ಹಂತಗಳ ವಿಚಾರ. ಸ್ಟೋರಿವೀವರ್ ಕಥೆಗಳನ್ನು ನಾಲ್ಕು ಹಂತಗಳಲ್ಲಿ ಜೋಡಿಸಿದೆ. ಸುಮಾರು 250 ಪದಗಳ ಒಳಗಿದ್ದರೆ ಮೊದಲ ಹಂತ, 600ರವರೆಗೆ ಎರಡನೆಯದು, 1500ರವರೆಗೆ ಮೂರನೆಯದು, ಅದಕ್ಕಿಂತ ಉದ್ದದ್ದು ನಾಲ್ಕನೆಯದು. ಉಪಯುಕ್ತವಾದ ವಿಂಗಡಣೆಯೇ. ಆದರೆ ಕನ್ನಡದ ಮಗುವಿಗೆ ತೊಡಕಾಗುವುದು ಪದಗಳ ಎಣಿಕೆಯಲ್ಲ. ನಮ್ಮ ಕ್ರಿಯಾಪದಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಸೇರಿ, ಇಂಗ್ಲಿಷಿನಲ್ಲಿ ಒಂದು ವಾಕ್ಯವಾಗುವಷ್ಟು ವಿಷಯ ಒಂದೇ ಪದದಲ್ಲಿ ಕೂತುಬಿಡುತ್ತದೆ. ಎಣಿಕೆಗೆ ಅದು ಒಂದೇ. ಕೂಡಿಸಿ ಓದುವ ಮಗುವಿಗೆ ಏಳೆಂಟು ಅಕ್ಷರದ ಬೆಟ್ಟ. ಅದರ ಮೇಲೆ ಒತ್ತಕ್ಷರ. ಸಜಾತಿ ಒತ್ತು ಮಕ್ಕಳಿಗೆ ಬೇಗ ಹತ್ತುತ್ತದೆ. ಬೇರೆ ಅಕ್ಷರದ ಒತ್ತು, ಅರ್ಕಾವತ್ತು ಬಂದಲ್ಲಿ ನಿಂತುಬಿಡುತ್ತಾರೆ. ಎರಡನೇ ಹಂತದ ಒಂದು ಕಥೆಯನ್ನು ಸರಾಗವಾಗಿ ಓದಿದ ಹುಡುಗಿ ಮೊದಲ ಹಂತದ ಇನ್ನೊಂದರಲ್ಲಿ ತಡವರಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಅದಕ್ಕೇ ನಮ್ಮಲ್ಲಿ ನಮ್ಮದೇ ಗುರುತು ಮಾಡಿಕೊಂಡಿದ್ದೇವೆ. ಪ್ರತಿ ಕಥೆಯನ್ನೂ ನಾನು ಮೊದಲು ಗಟ್ಟಿಯಾಗಿ ಓದಿ ನೋಡುತ್ತೇನೆ. ಒತ್ತಕ್ಷರ ಇಲ್ಲದ್ದಕ್ಕೆ ಅಥವಾ ತೀರಾ ಕಡಿಮೆ ಇರುವುದಕ್ಕೆ ಹಸಿರು ಚುಕ್ಕಿ, ಸಜಾತಿ ಒತ್ತು ಮಾತ್ರ ಇದ್ದರೆ ಹಳದಿ, ಉಳಿದದ್ದಕ್ಕೆ ಕೆಂಪು. ದೊಡ್ಡ ಶಾಸ್ತ್ರವೇನಲ್ಲ. ಪುಸ್ತಕವನ್ನು ತಾನೇ ಓದಿ, ಮಗು ಓದುವುದನ್ನೂ ಕೇಳಿಸಿಕೊಂಡವರು ಯಾರಾದರೂ ಮಾಡಬಹುದಾದದ್ದು. ಪಟ್ಟಿ ಎಲ್ಲಿಂದ ಬೇಕಾದರೂ ಬರಲಿ, ಕೇಳಿಸಿಕೊಳ್ಳುವ ಕೆಲಸ ಮಾತ್ರ ಆ ಕೋಣೆಯಲ್ಲಿ ಕೂತವರದೇ.

ಗ್ರಂಥಾಲಯದ ಕೆಲಸಕ್ಕೆ ಬಂದವರೆಲ್ಲ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರಗಳನ್ನು ಕಲಿಯುತ್ತೇವೆ. 1931ರಲ್ಲಿ ಪುಸ್ತಕವಾಗಿ ಬಂದವು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. 1962ರಲ್ಲಿ ಅಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರವನ್ನು ಕಟ್ಟಿದರು. ಓದುಗರ ಸಮಯವನ್ನು ಉಳಿಸಬೇಕು ಎನ್ನುವುದು ಅವರ ನಾಲ್ಕನೆಯ ಸೂತ್ರ. ಪರೀಕ್ಷೆಗೆ ಓದುವ ಹುಡುಗನ ವಿಷಯದಲ್ಲಿ, ಪಹಣಿಗೆ ಅರ್ಜಿ ಹಾಕಲು ಬಂದ ರೈತರ ವಿಷಯದಲ್ಲಿ ಅದು ನೂರಕ್ಕೆ ನೂರು ನಿಜ. ಹುಡುಕುವ ಸಾಧನಗಳು ಆ ಸೂತ್ರವನ್ನು ಅವರೂ ಊಹಿಸಿರದಷ್ಟು ಚೆನ್ನಾಗಿ ನಡೆಸಿಕೊಡುತ್ತಿವೆ. ಆದರೆ ಏಳು ವರ್ಷದ ಮಗುವಿನ ಸಮಯವನ್ನು ಉಳಿಸಿ ಅದಕ್ಕೆ ಏನು ಕೊಡೋಣ? ಅದಕ್ಕೆ ಬೇಕಾದದ್ದು ಕಳೆಯಲು ಸಮಯ. ಹುಲಿಯ ಪುಸ್ತಕ ಹುಡುಕುತ್ತಾ ಹೋಗಿ ಇರುವೆಯ ಪುಸ್ತಕದ ಮುಂದೆ ಕೂರಬೇಕು. ಅಲ್ಲೇ ಬೆಳಗಾದರೂ ಆಗಲಿ. ರಂಗನಾಥನ್ ಅವರದೇ ಮೂರನೆಯ ಸೂತ್ರ ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆನ್ನುತ್ತದೆ. ಮಕ್ಕಳ ರ‍್ಯಾಕಿನಲ್ಲಿ ಆ ಸೂತ್ರ ನೆರವೇರುವುದು ಬಹುತೇಕ ಇಂಥ ದಾರಿ ತಪ್ಪಿದ ಹುಡುಕಾಟದಲ್ಲೇ. ಕೇಳಿದ್ದನ್ನೇ ಕ್ಷಣದಲ್ಲಿ ತಂದಿಡುವ ಸಾಧನಕ್ಕೆ, ಕೇಳಲು ಗೊತ್ತಿಲ್ಲದವರಿಗೆ ಏನು ಕೊಡಬೇಕೆಂದು ತಿಳಿಯುವುದಿಲ್ಲ.

ಕಾಗದದ ಪುಸ್ತಕ ಇನ್ನೊಂದು ಸಂಗತಿಯನ್ನು ಹೇಳುತ್ತದೆ. ವರ್ಷಕ್ಕೊಮ್ಮೆ ದಾಸ್ತಾನು ಪರಿಶೀಲನೆ ಮಾಡುವಾಗ ಹರಿದವನ್ನು ಬೇರೆ ತೆಗೆದಿಡುತ್ತೇವೆ. ಆ ರಾಶಿಯನ್ನು ನಾನು ಗಮನವಿಟ್ಟು ನೋಡುತ್ತೇನೆ. ಸಂತೆಯ ಕಥೆಯ ಪುಸ್ತಕದಲ್ಲಿ ಒಂಬತ್ತನೇ ಪುಟ ಮಾತ್ರ ಮೆತ್ತಗಾಗಿ, ಅಂಚಿನಲ್ಲಿ ಎಣ್ಣೆಯ ಬೆರಳು ಮೂಡಿ, ಹೊಲಿಗೆ ಬಿಟ್ಟಿದೆ. ಅಜ್ಜಿಯ ಕೈ ಬಿಟ್ಟ ಮಗು ಜನರ ಕಾಲುಗಳ ನಡುವೆ ನಿಂತಿರುವ ಚಿತ್ರ ಅದು. ಸಂತೆಯಲ್ಲಿ ಕಳೆದುಹೋಗುವ ಭಯ ಯಾವ ಮಗುವಿಗಿಲ್ಲ? ಮುಂದಿನ ಪುಟದಲ್ಲಿ ಅಜ್ಜಿ ಸಿಗುತ್ತಾಳೆಂದು ಗೊತ್ತಿದ್ದೇ ಮತ್ತೆ ಮತ್ತೆ ಆ ಪುಟಕ್ಕೆ ಬಂದಿದ್ದಾರೆ. ತಾಣದಲ್ಲಿ ಆ ಕಥೆಯನ್ನು ಎಷ್ಟು ಜನ ಓದಿದರು ಎಂಬ ಸಂಖ್ಯೆ ಸಿಗುತ್ತದೆ. ನಮ್ಮೂರ ಮಕ್ಕಳು ಯಾವ ಪುಟದಲ್ಲಿ ಉಸಿರು ಹಿಡಿದರು ಎನ್ನುವುದು ಈ ಹರಿದ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ.

ಇದೆಲ್ಲ ಸೇರಿ ಆನ್‌ಲೈನ್ ಸಾಧನವನ್ನು ನಾವು ಬಳಸುವ ರೀತಿಯೇ ಬದಲಾಯಿತು. ಈಗ ಅದು ನಮಗೆ ಓದುವ ಪರದೆಗಿಂತ ಹೆಚ್ಚಾಗಿ ಒಂದು ಛಾಪಖಾನೆ. ಟ್ಯಾಬಿನಲ್ಲಿ ಮಕ್ಕಳು ಮತ್ತೆ ಮತ್ತೆ ತೆರೆದ ಕಥೆ ಯಾವುದೆಂದು ನೋಡಿಕೊಂಡು, ಅದರ ಪಿಡಿಎಫ್ ಇಳಿಸಿ, ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ಮುದ್ರಿಸಿ ತರುತ್ತೇವೆ. ಮುದ್ರಿಸಿದ ಹಾಳೆ ನೋಡಿ ಮಕ್ಕಳು ಮೊದಲು ಗಾಬರಿಯಾದರು. ಎ4 ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಪುಟ. ಹದಿನಾರು ಪುಟಕ್ಕೆ ನಾಲ್ಕು ಹಾಳೆ. ಹೊರಗಿನ ಹಾಳೆಯಲ್ಲಿ ಒಂದನೇ ಪುಟದ ಪಕ್ಕ ಹದಿನಾರನೆಯದು, ಹಿಂದೆ ಎರಡರ ಪಕ್ಕ ಹದಿನೈದು. ‘ಅಂಗಡಿಯಣ್ಣ ತಪ್ಪು ಹೊಡೆದವ್ನೆ ಅಕ್ಕಾ, ಕಥೆ ಮುಗಿದ್ಮೇಲೆ ಶುರುವಾಗೈತೆ’ ಎಂದಳು ಒಬ್ಬಳು. ಮಡಚಿ ಒಂದರೊಳಗೊಂದು ಕೂರಿಸಿದಾಗ ಪುಟಗಳು ಸಾಲಾಗಿ ಬಂದವು. ಆ ಹುಡುಗಿ ಬೀರುವಿನಿಂದ ಬೇರೆ ಪುಸ್ತಕಗಳನ್ನು ತೆಗೆದು ನಡುಪುಟ ಬಿಡಿಸಿ, ಅವನ್ನೂ ಹೀಗೇ ಕಟ್ಟಿದ್ದಾರಾ ಎಂದು ಪರೀಕ್ಷಿಸುತ್ತಾ ಅಂದಿನ ಸಂಜೆಯನ್ನೆಲ್ಲ ಕಳೆದಳು. ನಮ್ಮ ಸ್ಟೇಪ್ಲರ್ ಮಡಿಕೆಯವರೆಗೆ ಎಟುಕುವುದಿಲ್ಲ. ದಬ್ಬಳದಲ್ಲಿ ಮೂರು ತೂತು ಹಾಕಿ, ನಡುವಿನ ತೂತಿನಿಂದ ದಾರ ಎಳೆದು, ಮೇಲೆ ಕೆಳಗೆ ಹಾಯಿಸಿ ಮತ್ತೆ ನಡುವಿಗೇ ತಂದು ಗಂಟು ಹಾಕುತ್ತೇವೆ. ರಟ್ಟಿಗೆ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ.

ಪರವಾನಗಿಯಲ್ಲಿ ಬದಲಿಸಬಹುದು ಎಂದಿದೆಯಲ್ಲ, ಮಕ್ಕಳು ಅದನ್ನು ಬಿಡಲಿಲ್ಲ. ಸಂತೆಯ ಕಥೆಯೊಂದರಲ್ಲಿ ಸೇಬು, ಕಿತ್ತಳೆ ಇತ್ತು. ನಮ್ಮ ಸಂತೆಯಲ್ಲಿ ಅದೆಲ್ಲಿ ಎಂದು ಚೀಟಿ ಅಂಟಿಸಿ ಎಳನೀರು, ಕೊಬ್ಬರಿ, ಕಡ್ಲೆಪುರಿ ಬರೆದರು. ತಾಂಡಾದಿಂದ ಬರುವ ಮಕ್ಕಳು ಅವರಮ್ಮನನ್ನು ಕೇಳಿಕೊಂಡು ಬಂದು, ಪ್ರತಿ ಸಾಲಿನ ಕೆಳಗೆ ಲಂಬಾಣಿಯಲ್ಲಿ ಬರೆದರು, ಕನ್ನಡ ಅಕ್ಷರದಲ್ಲೇ. ತನ್ನ ಮನೆಮಾತು ಪುಸ್ತಕದಲ್ಲಿರುವುದನ್ನು ಓದಿಸಿಕೊಂಡು ಕೇಳಲು ಆ ತಾಯಿ ಕೂಲಿಯಿಂದ ಬರುವಾಗ ಗ್ರಂಥಾಲಯಕ್ಕೆ ಬಂದರು, ಮೊದಲ ಸಲ. ಹಿಂದಿನ ರಟ್ಟಿನಲ್ಲಿ ಮೂಲ ಲೇಖಕರ, ಚಿತ್ರಕಾರರ ಹೆಸರು ಬರೆಸಿ, ಕೆಳಗೆ ‘ಮಾತು ಬದಲಿಸಿದವರು’ ಎಂದು ಮಕ್ಕಳ ಹೆಸರನ್ನೂ ಹಾಕಿಸಿದ್ದೇನೆ. ಇನ್ನೊಬ್ಬರ ಕೆಲಸಕ್ಕೆ ಅವರ ಹೆಸರು ಹಾಕಬೇಕೆಂಬುದು ಈಗ ಆ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೈಸ್ಕೂಲಿನವರ ಸಂಗತಿ ಬೇರೆ. ಅವರು ಬರುವುದು ಕಥೆಗಲ್ಲ, ಪ್ರಾಜೆಕ್ಟ್‌ಗೆ. ಪ್ರಶ್ನೆ ಹಾಕಿದರೆ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಅವರ ಅಣ್ಣಂದಿರ ಫೋನಿನಲ್ಲೇ ಇವೆ. ‘ನಮ್ಮೂರ ಕೆರೆ’ ಎಂಬ ವಿಷಯಕ್ಕೆ ಮೂವರು ತಂದ ಬರಹದಲ್ಲಿ ಕೆರೆಯನ್ನು ಹೊಯ್ಸಳರು ಕಟ್ಟಿಸಿದರು ಎಂದಿತ್ತು. ಕನ್ನಡ ಚೆನ್ನಾಗಿತ್ತು, ವಾಕ್ಯ ಎಲ್ಲೂ ಎಡವಿರಲಿಲ್ಲ. ನಮ್ಮ ಕೆರೆಯ ಏರಿಗೆ ಮಣ್ಣು ಹೊತ್ತವರ ಮಕ್ಕಳು ಇನ್ನೂ ಊರಲ್ಲಿದ್ದಾರೆ. ಅಂಥ ತಪ್ಪು ಬರೆದುಕೊಟ್ಟ ಸಾಧನವನ್ನು ಬೈದು ಪ್ರಯೋಜನವಿಲ್ಲ. ಗೊತ್ತಿಲ್ಲ ಎಂದು ಅದು ಹೇಳದೆ ಹೋದದ್ದು ನನಗೆ ಕಳವಳ ತಂದಿತು. ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳಿಗೆಂದು ಒಬ್ಬರೇ ಕೂತು ‘ಬಾಲಪ್ರಪಂಚ’ದ ಮೂರು ಸಂಪುಟ ಬರೆದರು. ಈಗ ಅದರಲ್ಲಿ ಹಳತಾದ ಮಾಹಿತಿ ಬೇಕಾದಷ್ಟಿರಬಹುದು. ಆದರೆ ಅದನ್ನು ಯಾರು ಹೇಳುತ್ತಿದ್ದಾರೆ ಎಂಬುದು ಮಗುವಿಗೆ ಗೊತ್ತಿತ್ತು. ತಪ್ಪಿದ್ದರೆ ಕಾರಂತರನ್ನೇ ಕೇಳಬಹುದಿತ್ತು. ಯಾರು ಹೇಳಿದ್ದು ಎಂದು ಗೊತ್ತಿಲ್ಲದ ಉತ್ತರಕ್ಕೆ ಮಗು ಯಾರ ಜೊತೆ ವಾದ ಮಾಡಬೇಕು?

ಆ ಮೂವರನ್ನು ನೀರಗಂಟಿ ಅಜ್ಜನ ಹತ್ತಿರ ಕಳಿಸಿದೆ. ತೂಬು ಎಲ್ಲಿದೆ, ಕೋಡಿ ಯಾವ ವರ್ಷ ಬಿತ್ತು, ಯಾವ ಗದ್ದೆಗೆ ಮೊದಲು ನೀರು ಎಂದೆಲ್ಲ ಬರೆದುಕೊಂಡು ಬಂದರು. ಆಮೇಲೆ ಅದೇ ಆ್ಯಪ್‌ನಲ್ಲಿ ತಮ್ಮ ಟಿಪ್ಪಣಿಯ ಕಾಗುಣಿತ ತಿದ್ದಿಸಿಕೊಂಡರು. ಅದಕ್ಕೆ ನನ್ನ ತಕರಾರಿಲ್ಲ. ಈಗ ನಮ್ಮಲ್ಲಿ ಒಂದು ರೂಢಿಯಾಗಿದೆ: ಪರದೆಯಿಂದ ಬರೆದುಕೊಂಡ ಪ್ರತಿ ಸಂಗತಿಯ ಪಕ್ಕ, ಅದನ್ನು ಬೇರೆ ಎಲ್ಲಿ ನೋಡಿದೆ ಅಥವಾ ಯಾರ ಬಾಯಲ್ಲಿ ಕೇಳಿದೆ ಎಂದು ಬರೆಯಬೇಕು. ‘ಜ್ಞಾನಗಂಗೋತ್ರಿ’ಯ ಆ ಎರಡು ಸಂಪುಟಗಳ ಧೂಳು ಹೋಗಿರುವುದು ಈ ರೂಢಿಯಿಂದಲೇ.

ಇದಕ್ಕೆಲ್ಲ ಹಣ ಎಲ್ಲಿಂದ ಎಂಬುದು ಮನೆ ಕಂದಾಯದ ರಸೀದಿಯನ್ನು ನೋಡಿದವರಿಗೆ ಗೊತ್ತಿರುತ್ತದೆ. ಆರೋಗ್ಯ, ಶಿಕ್ಷಣ, ಭಿಕ್ಷುಕರ ಕರಗಳ ಜೊತೆ ಗ್ರಂಥಾಲಯ ಕರವೆಂದು ಶೇಕಡ 6 ಸೇರಿರುತ್ತದೆ. ಊರಿನ ಪ್ರತಿ ಮನೆಯೂ ಕೊಟ್ಟ ಹಣ ಅದು. ಓದು ಬಾರದ ಅಜ್ಜಿಯ ಮನೆಯೂ ಸೇರಿ. ಅದರಿಂದ ಬರುವುದನ್ನು ಯಾವುದಕ್ಕೆ ಕೇಳಬೇಕೆಂಬುದು ಈ ಸಲ ನನಗೆ ಸ್ಪಷ್ಟವಿತ್ತು. ಇನ್ನೆರಡು ಟ್ಯಾಬ್ ಬೇಡ, ಬಣ್ಣದ ಪ್ರಿಂಟರ್ ಒಂದು, ದಪ್ಪ ಹಾಳೆ, ಉದ್ದ ಕೈಯ ಸ್ಟೇಪ್ಲರ್ ಕೊಡಿ ಎಂದು ಪಂಚಾಯಿತಿಗೆ ಬರೆದುಕೊಟ್ಟಿದ್ದೇನೆ. ‘ಎಲ್ಲಾ ಫೋನಲ್ಲೇ ಸಿಗೋವಾಗ ಪ್ರಿಂಟ್ ಯಾಕಮ್ಮ?’ ಎಂದು ಸದಸ್ಯರೊಬ್ಬರು ಕೇಳಿದರು. ಸಂತೆಯ ಪುಸ್ತಕದ ಒಂಬತ್ತನೇ ಪುಟವನ್ನು ತೆಗೆದು ಅವರ ಮುಂದೆ ಇಟ್ಟೆ. ಅವರು ಎಣ್ಣೆಯ ಗುರುತಿನ ಮೇಲೆ ಬೆರಳಾಡಿಸಿ, ಇದು ನಮ್ಮ ಮೊಮ್ಮಗಳದೇ ಇರಬೇಕು ಎಂದರು. ಅರ್ಜಿ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿದೆ. ಮಕ್ಕಳು ಅಷ್ಟರಲ್ಲೇ ಮುದ್ರಿಸಬೇಕಾದ ಕಥೆಗಳ ಪಟ್ಟಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ್ದಾರೆ. ಅದರಲ್ಲಿ ಮೂರು ಆಗಲೇ ಒಮ್ಮೆ ಹೊಲಿದು, ಓದಿ, ಹರಿದುಹೋದವು.